ಓರೆಯಾಗಿ ಕೂತ ಬಂಗಾರ

ಗಲ್ಫಿಗೆ ಟೈಲ್ಸ್ ಕೆಲಸಕ್ಕೆ ಹೊರಟ ಹುಡುಗರು ವೀಸಾ ಕೈಗೆ ಬಂದ ಮೇಲೆ ಒಮ್ಮೆ ನಮ್ಮ ಮನೆಗೆ ಬಂದು ಹೋಗುತ್ತಾರೆ. ನಾನು ಕತಾರಿನಿಂದ ನಿವೃತ್ತನಾಗಿ ಇಳಕಲ್ಲಿನಲ್ಲಿ ಕೂತಿದ್ದೇನೆ ಎಂದು ಅವರಿಗೆ ಯಾರು ಹೇಳುತ್ತಾರೋ ಗೊತ್ತಿಲ್ಲ. ಬಿಸಿಲು ಎಷ್ಟಿರುತ್ತದೆ, ಕ್ಯಾಂಪಿನಲ್ಲಿ ರೊಟ್ಟಿ ಸಿಗುತ್ತದೆಯೇ, ಓವರ್‌ಟೈಮ್ ಕೊಡುತ್ತಾರೆಯೇ ಎಂದೆಲ್ಲ ಕೇಳುತ್ತಾರೆ. ನನ್ನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತಾರೆ. ಕೆಲಸ ಹೇಗಿರುತ್ತದೆ ಎಂದು ಇದುವರೆಗೆ ಒಬ್ಬನೂ ಕೇಳಿಲ್ಲ. ಕೇಳದಿದ್ದರೂ ಹೇಳುವ ಚಟ ನನಗಿದೆ, ಆದರೆ ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸಲಾಗುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಯಾವಾಗ ಫೋರ್‌ಮನ್ ಆದೆ, ಯಾವಾಗ ಸೂಪರ್‌ವೈಸರ್ ಆದೆ ಎನ್ನುವುದನ್ನು ಬಿಟ್ಟುಬಿಡುತ್ತೇನೆ. ಅದು ನನ್ನ ಹೆಂಡತಿಗೂ ನೆನಪಿಲ್ಲ.

ನಮ್ಮ ಕೆಲಸಕ್ಕೆ ಒಬ್ಬನೇ ದೇವರು, ರಸಮಟ್ಟ. ಗಾಜಿನ ಕೊಳವೆಯೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತರೆ ಕೆಲಸ ಪಾಸು, ಅತ್ತಿತ್ತ ಸರಿದರೆ ಕಿತ್ತು ಹಾಕು. ಈ ದೇವರ ಪರಮ ಭಕ್ತನೆಂದರೆ ನನ್ನ ಗ್ಯಾಂಗಿನ ಹಿರಿಯ ಗವಂಡಿ ಹನಮಂತಪ್ಪ. ಬಾದಾಮಿ ಕಡೆಯವನು, ನನಗಿಂತ ಎರಡು ವರ್ಷ ದೊಡ್ಡವನು. ಅಜ್ಜನ ಕಾಲದಿಂದ ಗೋಡೆ ಕಟ್ಟಿದ ಮನೆತನ. ನಾನು ಅವನನ್ನು ಹನಮಂತಣ್ಣ ಎನ್ನುತ್ತಿದ್ದೆ. ಅವನು ನನ್ನನ್ನು ಸಾಹೇಬ್ರ ಎನ್ನುತ್ತಿದ್ದ, ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಚೇಷ್ಟೆ. ಕ್ಯಾಂಪಿನಲ್ಲಿ ತನ್ನ ಮಂಚಕ್ಕೂ ರಸಮಟ್ಟ ಇಟ್ಟು ಕಾಲಿನ ಕೆಳಗೆ ರಟ್ಟು ತುರುಕಿ ಮಲಗುತ್ತಿದ್ದವನು ಅವನು.

ಅವನ ಈ ಭಕ್ತಿ ಒಮ್ಮೆ ನಮ್ಮನ್ನು ರಾಸ್ ಲಫಾನ್ ಎಂಬ ಗ್ಯಾಸ್ ಕಾರ್ಖಾನೆಗಳ ನಗರದಲ್ಲಿ ಚೆನ್ನಾಗಿ ಸಿಕ್ಕಿಸಿತು. ಒಂದು ಕ್ಯಾಂಟೀನಿನ ಬಚ್ಚಲುಗಳಿಗೆ ಟೈಲ್ಸ್ ಹಾಕುವ ಕೆಲಸ. ಅಲ್ಲಿ ಗೇಟಿನೊಳಗೆ ಹೋಗುವುದೇ ಒಂದು ಪುರಾಣ. ನಮಗೆ ಪಾಸ್ ಇದ್ದರೆ ಸಿಮೆಂಟಿಗೆ ಇರುತ್ತಿರಲಿಲ್ಲ, ಸಿಮೆಂಟಿಗೆ ಇದ್ದರೆ ನೀರಿನ ಟ್ಯಾಂಕರಿಗೆ ಇರುತ್ತಿರಲಿಲ್ಲ. ಅಂತೂ ಕೆಲಸ ಮುಗಿಸಿದೆವು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಕುರಿಯನ್ ಸರ್ ನೋಡಲು ಬಂದರು. ಕೇರಳದವರು, ಬೈಯುವಾಗ ದನಿ ಏರಿಸುತ್ತಿರಲಿಲ್ಲ, ಅದೇ ನಮಗೆ ಹೆಚ್ಚು ಭಯ. ಒಂದು ಬಕೆಟ್ ನೀರು ತರಿಸಿ ನೆಲಕ್ಕೆ ಸುರಿದರು. ನೀರು ನಿಂತಲ್ಲೇ ನಿಂತಿತು. ಮೋರಿಯ ಕಡೆ ಒಂದು ಹನಿಯೂ ಹೋಗಲಿಲ್ಲ.

"ಈರಣ್ಣ, ಇದರಲ್ಲಿ ಮೀನು ಸಾಕೋಣವೇ?" ಎಂದರು ಕುರಿಯನ್ ಸರ್.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹನಮಂತಪ್ಪ ಮಾತ್ರ ಎದೆ ಸೆಟೆಸಿ, "ರಸಮಟ್ಟ ಹಚ್ಚಿ ನೋಡ್ರಿ ಸರ, ಕೂದಲೆಳಿ ಫರಕ ಬಂದ್ರ ನನ್ನ ಹೆಸರು ತಗೀರಿ," ಎಂದ. ಫರಕು ಬಂದಿದ್ದರೆ ನೀರು ಹರಿಯುತ್ತಿತ್ತು ಮಾರಾಯ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಪೂರ್ತಿ ನೆಲ ಒಡೆದು ಇಳಿಜಾರು ಕೊಟ್ಟು ಮತ್ತೆ ಹಾಕಿದೆವು.

ಕೆಲಸದ ರೀತಿ ಕಣ್ಣೆದುರಿಗೇ ಬದಲಾಯಿತು. ನಾನು ಹೋದ ಹೊಸದರಲ್ಲಿ ಮರಳು ಸಿಮೆಂಟು ಹಾಸಿ ಟೈಲ್ಸ್ ಕೂರಿಸುತ್ತಿದ್ದೆವು. ಆಮೇಲೆ ಚೀಲದಲ್ಲಿ ಅಂಟು ಬಂತು, ಹಲ್ಲಿನ ಕರಣಿ ಬಂತು. ಈಜುಕೊಳಗಳಿಗೆ ಗಾಜಿನ ಚೂರುಗಳು ಹಾಳೆಯ ರೂಪದಲ್ಲಿ ಬಂದವು. ಕಾರ್ಖಾನೆಯಲ್ಲೇ ಚೂರುಗಳನ್ನು ಮುಖ ಕೆಳಗೆ ಮಾಡಿ ಕಾಗದಕ್ಕೆ ಅಂಟಿಸಿರುತ್ತಾರೆ. ನಾವು ಆ ಹಾಳೆಯನ್ನು ಗೋಡೆಗೆ ಮೆತ್ತಿ, ಒಣಗಿದ ಮೇಲೆ ಕಾಗದ ನೆನೆಸಿ ಸುಲಿದರೆ ಆಯಿತು. ಮುಖವೆಲ್ಲ ಕನ್ನಡಿಯ ಹಾಗೆ ಸಪಾಟು. ಹನಮಂತಪ್ಪನಿಗೆ ಬಹಳ ಹಿಡಿಸಿತು. ಇನ್ನು ಕೈಯಿಂದ ಚೂರು ಚೂರು ಕೂರಿಸುವವರು ಯಾರೂ ಉಳಿಯುವುದಿಲ್ಲ ಎಂದು ನಾನೇ ಎಲ್ಲರ ಮುಂದೆ ಭವಿಷ್ಯ ನುಡಿದೆ. ಹಾಗೆ ನುಡಿದ ಮರುವರ್ಷವೇ ಅಬು ಖಾಲಿದರ ಗೋಡೆ ನಮ್ಮ ಪಾಲಿಗೆ ಬಂತು.

ಅದು ದೋಹಾದ ಅಬು ಹಮೂರಿನಲ್ಲಿ ಚರ್ಚುಗಳ ಕಟ್ಟಡಗಳು ಮೇಲೇಳುತ್ತಿದ್ದ ಕಾಲ. ಅದೇ ಕಡೆ ಒಂದು ಹೊಸ ವಿಲ್ಲಾ. ಮಾಲೀಕರು ಅಬು ಖಾಲಿದ್ ಎಂಬ ಹಿರಿಯ ಕತಾರಿ. ಮನೆಯ ಮುಂಭಾಗದಲ್ಲಿ ದೊಡ್ಡ ಮಜ್ಲಿಸ್, ಎಂದರೆ ಗಂಡಸರು ಅತಿಥಿಗಳನ್ನು ಕೂರಿಸಿಕೊಂಡು ಕಾಫಿ ಕುಡಿಯುತ್ತ ಮಾತಾಡುವ ಕೋಣೆ. ಸುತ್ತ ನೆಲದ ಮೇಲೆ ಮೆತ್ತೆ, ಒರಗಲು ದಿಂಬು. ಅಬು ಖಾಲಿದ್ ಹುಡುಗರಾಗಿದ್ದಾಗ ತಂದೆಯ ಜೊತೆ ಡಮಾಸ್ಕಸ್‌ಗೆ ಹೋಗಿದ್ದರಂತೆ. ಅಲ್ಲಿನ ದೊಡ್ಡ ಮಸೀದಿಯ ಗೋಡೆಯ ಮೇಲೆ ಗಾಜಿನ ಚೂರುಗಳಲ್ಲಿ ಮಾಡಿದ ಮರಗಳು, ಹೊಳೆ, ಮನೆಗಳು, ಹಿಂದೆ ಬಂಗಾರದ ಆಕಾಶ. ಒಬ್ಬ ಮನುಷ್ಯನ ಚಿತ್ರವೂ ಇಲ್ಲ, ಒಂದು ಹಕ್ಕಿಯೂ ಇಲ್ಲ. ಅಂಥದೊಂದು ಗೋಡೆ ತಮ್ಮ ಮಜ್ಲಿಸಿಗೆ ಬೇಕು ಎಂದು ಅವರು ಸಿರಿಯಾದಿಂದ ಒಬ್ಬ ಉಸ್ತಾದರನ್ನು ಕರೆಸಿದರು. ಗಿಲಾವು, ಅಟ್ಟಣಿಗೆ, ಕೈಯಾಳು ಎಲ್ಲ ನಮ್ಮದು.

ಕಟ್ಟಡದ ಕನ್ಸಲ್ಟೆಂಟ್ ಡೇವಿಡ್ ಎಂಬ ಇಂಗ್ಲಿಷ್ ಇಂಜಿನಿಯರ್. ಕೆಲಸ ತಿಳಿದವನು, ಕೆಟ್ಟವನಲ್ಲ. ಆದರೆ ಮುದುಕನೊಬ್ಬ ಒಂದೊಂದೇ ಚೂರು ಹಚ್ಚುತ್ತ ಕೂತರೆ ಮನೆ ಒಪ್ಪಿಸುವುದು ಯಾವಾಗ ಎಂಬ ಚಿಂತೆ ಅವನಿಗೆ. ಅದೇ ಚಿತ್ರವನ್ನು ಕಾರ್ಖಾನೆಯ ಹಾಳೆಗಳಲ್ಲಿ ಮಾಡಿಸಿ ಡಬ್ಬಿಗಳನ್ನು ಗ್ಯಾರೇಜಿನಲ್ಲಿ ಇರಿಸಿಬಿಟ್ಟಿದ್ದ. ಆಕಾಶದ ಮೊದಲ ತುಂಡನ್ನು ಪರೀಕ್ಷೆ ಮಾಡುವುದು, ಅದು ಸರಿಯಿಲ್ಲದಿದ್ದರೆ ಉಸ್ತಾದರನ್ನು ಮರ್ಯಾದೆಯಿಂದ ಕಳಿಸಿಕೊಟ್ಟು ಹಾಳೆ ಮೆತ್ತುವುದು ಎಂದು ಅಬು ಖಾಲಿದರನ್ನೂ ಒಪ್ಪಿಸಿದ್ದ.

ಉಸ್ತಾದ್ ಇಲ್ಯಾಸ್ ತೆಳ್ಳಗಿನ ಮನುಷ್ಯ, ಬಿಳಿ ಮೀಸೆ. ಕೆಲಸ ಇಲ್ಲದಾಗೆಲ್ಲ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ. ಎಷ್ಟೋ ವರ್ಷ ದುಬೈಯಲ್ಲಿ ನಮ್ಮವರ ಜೊತೆ ಕೆಲಸ ಮಾಡಿದ್ದರಿಂದ ಹಿಂದಿ ಬರುತ್ತಿತ್ತು, ನಡುನಡುವೆ ಅರಬಿ ತುರುಕುತ್ತಿದ್ದರು. ಮೊದಲ ದಿನ ಬಂದವರೇ ಖಾಲಿ ಮಜ್ಲಿಸಿನ ನೆಲದ ಮೇಲೆ ಒಂದು ರಟ್ಟು ಹಾಸಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಎದ್ದು ಇನ್ನೊಂದು ಮೂಲೆಗೆ ಹೋಗಿ ಕೂತರು. ಬೆಳಗ್ಗೆಯೆಲ್ಲ ಇದೇ. ನನ್ನನ್ನು ಕರೆದು, "ಮಾಲೀಕರು ಕೂರುವುದು ಎಲ್ಲಿ? ದೀಪ ಬರುವುದು ಎಲ್ಲಿ?" ಎಂದು ಕೇಳಿ ಮತ್ತೆ ಕೂತರು.

ಹನಮಂತಪ್ಪ ನನ್ನ ಕಿವಿಯಲ್ಲಿ, "ಸಾಹೇಬ್ರ, ಇವರು ಗ್ವಾಡಿ ಮಾಡಾಕ ಬಂದಾರೋ, ಕನ್ಯಾ ನೋಡಾಕ ಬಂದಾರೋ?" ಎಂದ.

ಮಧ್ಯಾಹ್ನ ಊಟಕ್ಕೆ ಒಟ್ಟಿಗೆ ಕೂತಾಗ ನಾನು ಮಾತಿಗೆಳೆದೆ. ಸಿರಿಯಾದವರಲ್ಲವೇ ಎಂದರೆ, "ಊರು ಸಿರಿಯಾ. ನಾವು ರೂಮೀ ಜನ," ಎಂದರು. ಹಾಗೆಂದರೆ ಇಟಲಿಯವರೇ ಎಂದು ಕೇಳಿದೆ. ನಕ್ಕುಬಿಟ್ಟರು.

"ಇಟಲಿಯ ರೋಮ್ ಮುಳುಗಿದ ಮೇಲೂ ಪೂರ್ವದ ರೋಮ್ ಸಾವಿರ ವರ್ಷ ನಡೆಯಿತು. ಅದರ ರಾಜಧಾನಿಯೇ ಈಗಿನ ಇಸ್ತಾಂಬುಲ್. ಪುಸ್ತಕ ಬರೆಯುವವರು ಆ ಜನಕ್ಕೆ ಬೈಜಾಂಟೈನ್ ಅಂತ ಹೆಸರಿಟ್ಟರು. ಆ ಜನಕ್ಕೆ ಆ ಹೆಸರೇ ಗೊತ್ತಿರಲಿಲ್ಲ. ತಾವು ರೋಮಿನವರು ಅಂತಲೇ ಹೇಳಿಕೊಂಡರು, ಅರಬರೂ ಅವರನ್ನು ರೂಮೀ ಅಂತಲೇ ಕರೆದರು. ರಾಜ್ಯ ಹೋಯಿತು, ರಾಜರು ಹೋದರು. ನಮ್ಮ ಚರ್ಚಿಗೆ ಮಾತ್ರ ಈಗಲೂ ಅದೇ ಹೆಸರು."

ಅವರು ಮನೆಯಲ್ಲಿ ಆಡುವುದು ಅರಬಿ. ಪ್ರಾರ್ಥನೆಯ ಹಾಡುಗಳಲ್ಲಿ ಅರ್ಧ ಗ್ರೀಕ್. ದೋಹಾದಲ್ಲಿ ರಜೆ ಶುಕ್ರವಾರವಾದ್ದರಿಂದ ಅಂದೇ ಪ್ರಾರ್ಥನೆಗೆ ಹೋಗುತ್ತಿದ್ದರು. ಕೆಲಸ ಮಾಡುವಾಗಲೂ ಆ ಹಾಡುಗಳನ್ನು ಗುನುಗುತ್ತಿದ್ದರು. ಒಂದೇ ಸ್ವರವನ್ನು ಹಿಡಿದು ಎಳೆಯುವ ರಾಗ. ಹನಮಂತಪ್ಪನಿಗೆ ಅದು ಭಜನೆಯ ಶ್ರುತಿ ಪೆಟ್ಟಿಗೆಯ ಹಾಗೆ ಕೇಳಿಸಿ, ಅವನೂ ಕೆಳಗಿನಿಂದ ದನಿ ಕೂಡಿಸುತ್ತಿದ್ದ. ಉಸ್ತಾದರು ಬೇಡವೆನ್ನಲಿಲ್ಲ.

ಡಮಾಸ್ಕಸ್ಸಿನ ಮಸೀದಿಗೂ ಈ ರೂಮೀ ಕೆಲಸಗಾರರಿಗೂ ಏನು ಸಂಬಂಧ ಎಂದು ಕೇಳಿದೆ. ಖಲೀಫರು ಮಸೀದಿ ಕಟ್ಟಿಸುವಾಗ ರೂಮೀ ರಾಜನೇ ಕುಶಲಿಗರನ್ನೂ ಗಾಜಿನ ಚೂರುಗಳನ್ನೂ ಕಳಿಸಿಕೊಟ್ಟನೆಂದು ಹಳಬರು ಹೇಳುತ್ತಾರಂತೆ. "ಗಡಿಯಲ್ಲಿ ಇಬ್ಬರಿಗೂ ಯುದ್ಧ ನಡೆದೇ ಇತ್ತು. ಗೋಡೆ ಕೆಲಸವೂ ನಡೆದೇ ಇತ್ತು," ಎಂದರು. ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಕಂಪನಿಯೂ ವಿದ್ಯುತ್ ಕೆಲಸದ ಕಂಪನಿಯೂ ಕೋರ್ಟಿನಲ್ಲಿ ಜಗಳಾಡುತ್ತಲೇ ಅದೇ ವಿಲ್ಲಾದಲ್ಲಿ ಒಂದೇ ಅಟ್ಟಣಿಗೆ ಹಂಚಿಕೊಂಡಿದ್ದವು.

ಗಿಲಾವು ಶುರುವಾದ ದಿನ ಹನಮಂತಪ್ಪ ಉಸ್ತಾದರಿಗೆ ಪೂರ್ತಿ ಸೋತುಹೋದ. ಉಸ್ತಾದರು ಸಿಮೆಂಟು ಮುಟ್ಟಲಿಲ್ಲ. ಸುಣ್ಣ, ಅಮೃತಶಿಲೆಯ ಪುಡಿ, ಸಣ್ಣಗೆ ಕತ್ತರಿಸಿದ ಹುಲ್ಲು. ಒಂದರ ಮೇಲೊಂದು ಪದರ. ಸುಣ್ಣದ ವಾಸನೆ ಬಂದದ್ದೇ ಹನಮಂತಪ್ಪ ಮೂಗರಳಿಸಿ, "ನಮ್ಮಜ್ಜ ಇದಕ್ಕ ಬೆಲ್ಲದ ನೀರು, ಅಳಲೆಕಾಯಿ ಹಾಕಿ ಅರೀತಿದ್ದ ನೋಡ್ರಿ," ಎಂದ. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಉಸ್ತಾದರು ಜೇಬಿನಿಂದ ಒಂದು ಕೈ ತೆಗೆದು ಹನಮಂತಪ್ಪನ ಭುಜ ತಟ್ಟಿದರು. ಆ ಕೈ ನಡುಗುತ್ತಿದ್ದುದನ್ನು ನಾನು ಗಮನಿಸಲಿಲ್ಲ. ಹನಮಂತಪ್ಪ ಗಮನಿಸಿದ.

ಕೊನೆಯ ಪದರದ ಮೇಲೆ ಬಂಗಾರ ಬರುವ ಜಾಗಕ್ಕೆಲ್ಲ ಉಸ್ತಾದರು ಕೆಂಪು ಬಣ್ಣ ಬಳಿದರು. ಚೂರುಗಳ ಸಂದಿಯಲ್ಲಿ ಆ ಕೆಂಪು ಇಣುಕಿದರೆ ಬಂಗಾರಕ್ಕೆ ಬಿಸುಪು ಬರುತ್ತದಂತೆ. ಬಂಗಾರದ ಚೂರೆಂದರೆ ಕಡಲೆಕಾಳಿಗಿಂತ ತುಸು ದೊಡ್ಡದು. ದಪ್ಪ ಗಾಜಿನ ಮೇಲೆ ಬಂಗಾರದ ತೆಳು ರೇಕು, ಅದರ ಮೇಲೆ ಮತ್ತೆ ತೆಳ್ಳಗಿನ ಗಾಜಿನ ಹೊದಿಕೆ. ಪರೀಕ್ಷೆಯ ದಿನ ಬೆಳಗ್ಗೆ ಉಸ್ತಾದರು ಒಬ್ಬರೇ ಅಟ್ಟಣಿಗೆ ಹತ್ತಿ, ಮೊಣಕೈಯನ್ನು ಗೋಡೆಗೆ ಊರಿಕೊಂಡು ಆಕಾಶದ ಒಂದು ತುಂಡನ್ನು ಕೂರಿಸಿದರು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ, ಏನೂ ವಿವರಿಸಲೂ ಇಲ್ಲ. ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ಕೆಳಗಿಳಿದು, ಕಾರಿನಲ್ಲಿ ಕಣ್ಣು ಮುಚ್ಚಿಕೊಂಡು ಒರಗಿದರು. ನಾನು ಡೇವಿಡ್‌ನನ್ನೂ ಕುರಿಯನ್ ಸರ್ ಅವರನ್ನೂ ಕರೆದುಕೊಂಡು ಬರಲು ಆಫೀಸಿಗೆ ಹೋದೆ.

ನಾವು ಬಂದಾಗ ಇಳಿಹೊತ್ತಿನ ಅಸರ್ ನಮಾಜಿನ ಕರೆ ಮುಗಿದಿತ್ತು. ಡೇವಿಡ್ ಬಾಗಿಲಲ್ಲೇ ನಿಂತು ನೋಡಿದ. ನಾನೂ ನೋಡಿದೆ. ನಾವು ನಿಂತ ಕಡೆಯಿಂದ ಆ ತುಂಡು ಶಾಲೆಯ ಬೋರ್ಡಿನ ಹಾಗೆ ಕಪ್ಪಗಿತ್ತು. ನಾಲ್ಕು ಹೆಜ್ಜೆ ಸರಿದರೆ ಪೂರ್ತಿ ತುಂಡು ಒಮ್ಮೆಲೇ ಕಣ್ಣಿಗೆ ಹೊಡೆದು, ಮತ್ತೆ ಕಪ್ಪಾಗುತ್ತಿತ್ತು. ತಗಡಿನ ಡಬ್ಬಿಯ ಮುಚ್ಚಳ ನೋಡಿದಂತಿತ್ತು.

"ನನ್ನ ಹಾಳೆಗಳಿಗೂ ಇದಕ್ಕೂ ಏನು ವ್ಯತ್ಯಾಸ?" ಎಂದ ಡೇವಿಡ್. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳಿದ.

ಕಾರಿನಿಂದ ಎದ್ದು ಬಂದಿದ್ದ ಉಸ್ತಾದರು ಅಟ್ಟಣಿಗೆ ಹತ್ತಿ ಅಂಗೈಯಿಂದ ಆ ತುಂಡನ್ನು ಸವರಿದರು. ಇನ್ನೊಮ್ಮೆ ಸವರಿದರು. "ಯಾರು ಮುಟ್ಟಿದ್ದು?" ಎಂದು ಹಿಂದಿಯಲ್ಲಿ ಕೇಳಿದರು.

ಹನಮಂತಪ್ಪ ಮುಂದೆ ಬಂದು ನಿಂತ. ಕೈಯಲ್ಲಿ ಮರದ ಪಟ್ಟಿ ಇತ್ತು. "ನಾನ್ರಿ. ಸಾಹೇಬ್ರ, ಅವರಿಗೆ ಹೇಳ್ರಿ. ಅವರ ಕೈ ನಡಗೂದು ನಾ ದಿನಾ ನೋಡೀನಿ. ಒಂದರ ತುಣುಕು ನೆಟ್ಟಗ ಕುಂತಿರಲಿಲ್ಲ, ಎಲ್ಲಾ ಸೊಟ್ಟ. ಹಿರೇ ಮನಷ್ಯಾ, ಇಷ್ಟ ಮಂದಿ ಮುಂದ ಅವಮಾನ ಆಗಬಾರದು ಅಂತ, ಗಾರಿ ಹಸಿ ಇರೂದ್ರಾಗ ಪಟ್ಟಿ ಇಟ್ಟು ತಟ್ಟಿ ಸಮ ಮಾಡೀನ್ರಿ."

ಇದನ್ನು ಹೇಗೆ ಅನುವಾದಿಸಲಿ? ಕೈ ನಡುಗುತ್ತದೆ ಎಂಬ ಮಾತು ಡೇವಿಡ್‌ನ ಕಿವಿಗೆ ಬಿದ್ದರೆ ಉಸ್ತಾದರ ಕತೆ ಅಲ್ಲಿಗೇ ಖಲಾಸ್. ನಾನು ಅಟ್ಟಣಿಗೆ ಹತ್ತಿ, ಉಸ್ತಾದರ ಕಿವಿಯ ಹತ್ತಿರ ಮೆಲ್ಲಗೆ ಎಲ್ಲವನ್ನೂ ಹೇಳಿದೆ. ಅವರು ಹನಮಂತಪ್ಪನನ್ನು ಒಂದು ಕ್ಷಣ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಡೇವಿಡ್‌ನ ಕಡೆ ತಿರುಗಿ, "ಇವತ್ತಿನ ಕೆಲಸ ಸರಿಯಾಗಿಲ್ಲ. ಮತ್ತೆ ಮಾಡುತ್ತೇನೆ," ಎಂದಷ್ಟೇ ಹೇಳಿದರು.

ಡೇವಿಡ್ ಅಬು ಖಾಲಿದರಿಗೆ ಫೋನು ಮಾಡಿದ. ಬರುವ ಗುರುವಾರ, ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜು ಮುಗಿಸಿ ತಾವೇ ಬಂದು ನೋಡುವುದಾಗಿ ಅವರು ಹೇಳಿದರು. ಉಸ್ತಾದರ ತುಂಡಿನ ಪಕ್ಕದಲ್ಲೇ ಅಷ್ಟೇ ಅಗಲದ ಹಾಳೆಯ ತುಂಡೂ ಇರಬೇಕು. ಯಾವುದು ಅವರ ಮನಸ್ಸಿಗೆ ಬರುತ್ತದೋ ಅದೇ ಗೋಡೆ. ಕುರಿಯನ್ ಸರ್ ಹೋಗುವಾಗ ನನ್ನ ಹತ್ತಿರ, "ಹಾಳೆಯ ಡಬ್ಬಿಗಳನ್ನು ಒಳಗೆ ತರಿಸಿಡು," ಎಂದರು.

ಎಲ್ಲ ಹೋದ ಮೇಲೆ ಉಸ್ತಾದರು ನಮ್ಮಿಬ್ಬರನ್ನೂ ನೆಲದ ಮೇಲೆ, ಅಬು ಖಾಲಿದ್ ಕೂರುವ ಜಾಗದಲ್ಲಿ ಕೂರಿಸಿದರು. ಒಂದು ಬಂಗಾರದ ಚೂರನ್ನು ಹಸಿ ಗಾರೆಯ ಮುದ್ದೆಗೆ ಒತ್ತಿ ಗೋಡೆಗೆ ಹಿಡಿದರು. ಸಮವಾಗಿ ಹಿಡಿದಾಗ ಅದು ಕಪ್ಪು. ಮೇಲಿನ ಅಂಚನ್ನು ತುಸು ನಮ್ಮ ಕಡೆ ಬಾಗಿಸಿದರು. ಹೊತ್ತಿಕೊಂಡಿತು. ಇನ್ನೊಂದು ಚೂರನ್ನು ಪಕ್ಕದಲ್ಲಿಟ್ಟು ಬೇರೊಂದು ಓರೆಯಲ್ಲಿ ಬಾಗಿಸಿದರು. ನಾವು ತಲೆ ಅಲ್ಲಾಡಿಸಿದರೆ ಒಂದು ಆರಿ ಇನ್ನೊಂದು ಹೊತ್ತುತ್ತಿತ್ತು.

"ಕೂತವನ ಕಣ್ಣು ಎಲ್ಲಿ, ದೀಪ ಎಲ್ಲಿ ಅಂತ ನೋಡಿ ಒಂದೊಂದನ್ನೂ ಓರೆ ಕೂರಿಸಬೇಕು. ನಮ್ಮ ರೂಮೀ ಹಿರಿಯರು ಹೀಗೇ ಮಾಡಿದ್ದು. ಅವರ ಗುಡಿಗಳಲ್ಲಿ ಎಣ್ಣೆ ದೀಪ, ಮೇಣದ ಬತ್ತಿ. ಜ್ವಾಲೆ ಅಲುಗಿದರೆ ಗೋಡೆ ಅಲುಗುತ್ತಿತ್ತು. ಹಾಳೆಗೆ ಅಂಟಿಸಿದರೆ ಎಲ್ಲವೂ ಒಂದೇ ಕಡೆ ಮುಖ ಮಾಡುತ್ತವೆ," ಎಂದರು. ಆಮೇಲೆ ಎರಡೂ ಕೈಗಳನ್ನು ಜೇಬಿನಿಂದ ತೆಗೆದು ನಮ್ಮ ಮುಂದೆ ಚಾಚಿದರು. ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು.

"ಇವನು ಸರಿಯಾಗಿ ನೋಡಿದ್ದಾನೆ. ಕೈ ಹೋಗಿದೆ. ಬೆಳಗ್ಗೆ ಆ ತುಂಡು ಕೂರಿಸುವಷ್ಟರಲ್ಲಿ ನನ್ನ ಜೀವ ಹೋಗಿ ಬಂತು. ನನ್ನ ಮನೆಯಲ್ಲಿ ಇದನ್ನು ಯಾರೂ ಕಲಿಯಲಿಲ್ಲ. ಇದು ನನ್ನ ಕೊನೆಯ ಗೋಡೆ. ಇದೂ ಹಾಳೆಯ ಪಾಲಾದರೆ ನಾನು ಬರಿಗೈಲಿ ಮನೆಗೆ ಹೋದ ಹಾಗೆ."

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಹನಮಂತಪ್ಪನ ಕಣ್ಣು ತುಂಬಿತ್ತು. "ತಪ್ಪಾತ್ರಿ ಸಾಹೇಬ್ರ. ನನ್ನ ಕೈ ಗಟ್ಟಿ ಅದಾವು. ಅವರು ಹೇಳಲಿ, ನಾ ಮಾಡ್ತೀನಿ," ಎಂದ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಅವನ ಹೆಬ್ಬೆರಳಿಗೆ ಆಯುಷ್ಯವೆಲ್ಲ ಒಂದೇ ಪಾಠ ಗೊತ್ತು, ಸಮ ಮಾಡುವುದು. ಚೂರನ್ನು ಓರೆ ಕೂರಿಸುತ್ತಿದ್ದ, ಕೈ ತೆಗೆಯುವ ಮೊದಲು ತನಗೇ ಗೊತ್ತಿಲ್ಲದೆ ಒಮ್ಮೆ ತಟ್ಟಿ ಸಪಾಟು ಮಾಡಿಬಿಡುತ್ತಿದ್ದ. ಉಸ್ತಾದರು ಅಬು ಖಾಲಿದ್ ಕೂರುವ ಜಾಗದಲ್ಲಿ ಮೆತ್ತೆ ಹಾಕಿಸಿಕೊಂಡು, ದೀಪ ಹಿಡಿದು ಕೂತು, "ಶ್ವಯ್ಯ, ಶ್ವಯ್ಯ," ಎನ್ನುತ್ತಿದ್ದರು, ಎಂದರೆ ಸ್ವಲ್ಪ, ಇನ್ನೂ ಸ್ವಲ್ಪ. ಹನಮಂತಪ್ಪ ತಟ್ಟಿದ ಕೂಡಲೇ, "ಮಾಫಿ, ಮಾಫಿ," ಎಂದು ಕೂಗಿ ಕೀಳಿಸುತ್ತಿದ್ದರು, ಅರಬಿಯಲ್ಲಿ ಅದಕ್ಕೆ ಇಲ್ಲ ಎಂದರ್ಥ. ಮೊದಲೆರಡು ದಿನ ಕೂರಿಸಿದ್ದಕ್ಕಿಂತ ಕಿತ್ತದ್ದೇ ಹೆಚ್ಚು. ನಾನು ರಸಮಟ್ಟವನ್ನು ನನ್ನ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ. ಅವನಿಗೆ ಅದು ಕಣ್ಣಿಗೆ ಬಿದ್ದರೂ ಸಾಕು, ಬೆರಳು ಹಳೇ ಚಾಳಿಗೆ ಬೀಳುತ್ತಿತ್ತು.

ಮೂರನೆಯ ದಿನ ಅವನು ಅಟ್ಟಣಿಗೆಯ ಮೇಲೆ ಸುಮ್ಮನೆ ಕೂತುಬಿಟ್ಟ. ಬೇಸರಿಸಿಕೊಂಡ ಎಂದು ನಾನು ಹತ್ತಿರ ಹೋದೆ.

"ಹನಮಂತಣ್ಣ, ಯಾಕೋ?"

"ರಾಸ್ ಲಫಾನ್ ಬಚ್ಚಲ ನೆನಪಾತು ನೋಡ್ರಿ. ನೀರು ಮೋರಿಗೆ ಹೋಗ್ಲಿ ಅಂತ ಇಳಿಜಾರ ಕೊಟ್ಟಿವಲ್ಲ, ಇದೂ ಅದ. ದೀಪದ ಬೆಳಕು ಬಂದು ಗ್ವಾಡಿಗೆ ಬೀಳತೈತಿ. ಅದು ಕೆಳಗ ಕುಂತ ಮಾಲಕರ ಕಣ್ಣಿಗೆ ಹರಕೊಂಡು ಹೋಗಾಕ ಇಳಿಜಾರ ಬೇಕು. ಇಷ್ಟ ದಿನಾ ನನಗ ಯಾರೂ ಹಿಂಗ ಹೇಳಲಿಲ್ಲ. ಸೊಟ್ಟ ಹಚ್ಚು, ಸೊಟ್ಟ ಹಚ್ಚು ಅಂದ್ರ ಗವಂಡಿಗೆ ಹೆಂಗ ತಿಳೀಬೇಕು?"

ನಾನು ಇದನ್ನು ಉಸ್ತಾದರಿಗೆ ಹೇಳಿದಾಗ ಅವರು ದೀಪ ಕೆಳಗಿಟ್ಟು ಬಹಳ ಹೊತ್ತು ನಕ್ಕರು. ಆಮೇಲೆ ಅವರು "ಶ್ವಯ್ಯ" ಎನ್ನುವುದು ಕಡಿಮೆಯಾಯಿತು. ಗುನುಗುವ ರಾಗ ಮತ್ತೆ ಶುರುವಾಯಿತು, ಮೇಲಿನಿಂದ ಹನಮಂತಪ್ಪನ ಭಜನೆಯ ದನಿ ಸೇರಿತು. ಕೆಲವು ಚೂರುಗಳನ್ನು ಬೇಕೆಂದೇ ತಿರುಗಿಸಿ, ಬಂಗಾರ ಒಳಗೆ ಮಾಡಿ ಕೂರಿಸುವುದನ್ನೂ ಹೇಳಿಕೊಟ್ಟರು. ಎಲ್ಲವೂ ಹೊಳೆದರೆ ಕಣ್ಣು ಸುಸ್ತಾಗುತ್ತದಂತೆ. ಪಕ್ಕದಲ್ಲಿ ನಮ್ಮದೇ ಇಬ್ಬರು ಗವಂಡಿಗಳು ಹಾಳೆಯ ತುಂಡನ್ನು ಅರ್ಧ ದಿನದಲ್ಲಿ ಮೆತ್ತಿ, ಕಾಗದ ಸುಲಿದು, ಒರೆಸಿ ಮುಗಿಸಿದರು. ಅವರದೂ ಒಳ್ಳೆಯ ಕೆಲಸವೇ, ಸುಳ್ಳು ಹೇಳಬಾರದು.

ಗುರುವಾರ ಮಗ್ರಿಬ್ ಆದ ಮೇಲೆ ಅಬು ಖಾಲಿದ್ ಬಂದರು. ಡೇವಿಡ್, ಕುರಿಯನ್ ಸರ್, ನಾವು ಮೂವರು. ಡೇವಿಡ್ ಮೊದಲು ಕೆಲಸಕ್ಕೆಂದು ಹಾಕಿದ್ದ ದೊಡ್ಡ ಹ್ಯಾಲೋಜನ್ ದೀಪ ಹಚ್ಚಿಸಿದ. ಆ ಬೆಳಕಿನಲ್ಲಿ ನಿಂತು ನೋಡಿದರೆ ಹಾಳೆಯ ತುಂಡು ನಯವಾಗಿ, ಅಂದವಾಗಿ ಕಾಣುತ್ತಿತ್ತು. ಹನಮಂತಪ್ಪನ ತುಂಡು ಅದರ ಪಕ್ಕದಲ್ಲಿ ಒರಟೊರಟಾಗಿ, ಮೀನಿನ ಮೈಯ ಹಾಗೆ ಕಂಡಿತು. ಕುರಿಯನ್ ಸರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಉಸ್ತಾದರು ಅಬು ಖಾಲಿದರಿಗೆ ಅರಬಿಯಲ್ಲಿ ಎರಡು ಮಾತು ಹೇಳಿದರು. ಅಬು ಖಾಲಿದ್ ತಲೆಯಾಡಿಸಿ ಹ್ಯಾಲೋಜನ್ ಆರಿಸಲು ಹೇಳಿದರು. ಮಜ್ಲಿಸಿನ ದೀಪಗಳನ್ನು ಮಾತ್ರ ಹಚ್ಚಿಸಿ, ತಮ್ಮ ಜಾಗಕ್ಕೆ ಹೋಗಿ ಮೆತ್ತೆಯ ಮೇಲೆ ಕಾಲು ಮಡಚಿ ಕೂತರು. ದಿಂಬಿಗೆ ಒರಗಿದರು. ನೋಡಿದರು.

ಹಾಳೆಯ ತುಂಡು ಆ ಮಂದ ಬೆಳಕಿನಲ್ಲಿ ಮಸುಕಾಗಿ ಹಿಂದೆ ಸರಿದುಬಿಟ್ಟಿತ್ತು. ಅಬು ಖಾಲಿದ್ ಕಾಫಿ ಬಟ್ಟಲಿಗೆ ಕೈ ಚಾಚಿದರು. ಅವರ ತಲೆ ಸರಿದಷ್ಟೂ ಹನಮಂತಪ್ಪನ ತುಂಡಿನಲ್ಲಿ ಬಂಗಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತಿತ್ತು ಎಂಬುದು ನನಗೆ ಅವರ ಮುಖ ನೋಡಿಯೇ ತಿಳಿಯಿತು. ಬಟ್ಟಲನ್ನು ಕೆಳಗಿಟ್ಟರು. ಮತ್ತೆ ಎತ್ತಿದರು. ಹೀಗೆ ಮಕ್ಕಳ ಹಾಗೆ ನಾಲ್ಕಾರು ಸಲ ಮಾಡಿದರು.

"ಡೇವಿಡ್, ಇಲ್ಲಿ ಬಂದು ಕೂತುಕೊಳ್ಳಿ," ಎಂದರು.

ಡೇವಿಡ್ ಉದ್ದನೆಯ ಮನುಷ್ಯ. ನೆಲದ ಮೇಲೆ ಕೂರಲು ಬಹಳ ಕಷ್ಟಪಟ್ಟ. ಕೂತವನು ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ. ಆಮೇಲೆ ಎದ್ದು, ನೇರವಾಗಿ ಉಸ್ತಾದರ ಮುಂದೆ ಬಂದು ನಿಂತು, "ಈ ಕೋಣೆಯನ್ನು ನಾನು ಇಷ್ಟು ದಿನ ನಿಂತುಕೊಂಡೇ ನೋಡುತ್ತಿದ್ದೆ," ಎಂದ. ಅಷ್ಟು ಹೇಳಲು ದೊಡ್ಡ ಮನಸ್ಸು ಬೇಕು. ಅವನಿಗೆ ಅದಿತ್ತು.

ಅಬು ಖಾಲಿದ್ ಉಸ್ತಾದರ ಕೈಗಳನ್ನು ಹಿಡಿಯಲು ಬಂದರು. ಉಸ್ತಾದರು ಜೇಬಿನಿಂದ ಕೈ ತೆಗೆದು, ನಡುಗುತ್ತಿದ್ದ ಹಾಗೇ ಅವರಿಗೆ ಕೊಟ್ಟರು. ಎಲ್ಲರೂ ನೋಡಿದರು. "ಈ ಕೈಯಿಂದ ಆದದ್ದಲ್ಲ ಇದು," ಎಂದು ಹನಮಂತಪ್ಪನನ್ನು ಮುಂದಕ್ಕೆ ಎಳೆದು ಅವನ ಮಣಿಕಟ್ಟನ್ನು ಎತ್ತಿ ಹಿಡಿದರು. "ಈ ಕೈಯಿಂದ. ನೀವು ಒಪ್ಪಿದರೆ ಪೂರ್ತಿ ಗೋಡೆ ಈ ಕೈಯಿಂದ."

ಹನಮಂತಪ್ಪನ ಉಗುರಿನ ತುಂಬ ಸುಣ್ಣ. ಅಬು ಖಾಲಿದ್ ಆ ಕೈಯನ್ನೂ ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡರು. "ಹಾಳೆಗಳನ್ನು ತೆಗೆಸಿ. ಯಲ್ಲಾ, ಶುರು ಮಾಡಿ," ಎಂದರು. ನನಗೆ ಆದ ಸಂತೋಷವನ್ನು ಹೇಗೆ ಬರೆಯಲಿ? ಮನೆಗೆ ಹೋಗುವ ದಾರಿಯಲ್ಲಿ ಅಲ್ ವುಕೈರ್‌ವರೆಗೂ ಒಬ್ಬನೇ ಕಾರಿನಲ್ಲಿ ಭಜನೆ ಹಾಡಿಕೊಂಡು ಹೋದೆ. ಕುರಿಯನ್ ಸರ್ ಮರುದಿನ ರಜೆಯಿದ್ದರೂ ಫೋನು ಮಾಡಿ, ಗ್ಯಾಂಗಿಗೆಲ್ಲ ಬಿರಿಯಾನಿ ಕಳಿಸುತ್ತಿರುವುದಾಗಿ ಹೇಳಿದರು. ಆ ಹಾಳೆಗಳು ಮುಂದೆ ಯಾರದೋ ಅತಿಥಿಗೃಹದ ಈಜುಕೊಳಕ್ಕೆ ಹೋದವಂತೆ. ನೀರಿನೊಳಗೆ ಚೆನ್ನಾಗಿಯೇ ಕಾಣುತ್ತವೆ ಎಂದು ಡೇವಿಡ್ ಹೇಳಿದ.

ಗೋಡೆ ಮುಗಿಯಲು ಬಹಳ ದಿನ ಹಿಡಿಯಿತು. ಉಸ್ತಾದರು ಅಷ್ಟೂ ದಿನ ಮೆತ್ತೆಯ ಮೇಲೆ ಕೂತಿದ್ದರು. ಒಂದು ಚೂರನ್ನೂ ಮುಟ್ಟಲಿಲ್ಲ. ಮರ ಬೆಳೆಯಿತು, ಹೊಳೆ ಹರಿಯಿತು, ಯಾರೂ ಇಲ್ಲದ ಮನೆಗಳು ಸಾಲಾಗಿ ಎದ್ದವು, ಮೇಲೆ ಬಂಗಾರದ ಆಕಾಶ. ನಮ್ಮ ಗ್ಯಾಂಗಿನ ಇನ್ನೂ ನಾಲ್ವರು ಅದನ್ನು ಕಲಿತರು. ಸಂಜೆ ಕ್ಯಾಂಪಿಗೆ ಹೋದರೆ ಓರೆಯ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಕೊನೆಯ ದಿನ ಒಂದೇ ಒಂದು ಚೂರಿನ ಜಾಗ ಉಳಿಸಿಕೊಂಡು ಹನಮಂತಪ್ಪ ಕೆಳಗಿಳಿದ. ಉಸ್ತಾದರ ಮುಂದೆ ಬಂಗಾರದ ಚೂರು ಹಿಡಿದು, "ಇದು ನಿಮ್ಮದರಿ," ಎಂದ. ಕನ್ನಡದಲ್ಲೇ ಹೇಳಿದ. ಉಸ್ತಾದರಿಗೆ ಅರ್ಥವಾಯಿತು. ಅಬು ಖಾಲಿದ್ ಸಹ ಅಲ್ಲೇ ಇದ್ದರು. ನಾನೂ ಹನಮಂತಪ್ಪನೂ ಎರಡು ಪಕ್ಕ ಹಿಡಿದು ಉಸ್ತಾದರನ್ನು ಅಟ್ಟಣಿಗೆ ಹತ್ತಿಸಿದೆವು. ಅವರು ಮೊಣಕೈ ಊರಿ, ಉಸಿರು ಹಿಡಿದು, ಚೂರನ್ನು ಗಾರೆಗೆ ಒತ್ತಿದರು. ಕೊನೆಯ ಗಳಿಗೆಯಲ್ಲಿ ಕೈ ಜೋರಾಗಿ ನಡುಗಿತು. ಚೂರು ಸುತ್ತಲಿನ ಎಲ್ಲ ಚೂರುಗಳಿಗೂ ಅಡ್ಡವಾಗಿ, ತನ್ನದೇ ಒಂದು ದಿಕ್ಕಿಗೆ ಮುಖ ಮಾಡಿ ಕೂತಿತು.

ಉಸ್ತಾದರು ಅದನ್ನು ನೋಡಿ ತಲೆ ಅಲ್ಲಾಡಿಸಿದರು. "ತಪ್ಪಾಯಿತು. ಹನುಮಾನ್, ಸರಿ ಮಾಡು," ಎಂದು ಪಕ್ಕಕ್ಕೆ ಸರಿದರು.

ಗಾರೆ ಇನ್ನೂ ಹಸಿಯಾಗಿತ್ತು. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಮುಗಿಯುತ್ತಿತ್ತು. ಹನಮಂತಪ್ಪ ಚೂರಿನ ಹತ್ತಿರ ಮುಖ ತಂದು ನೋಡಿದ. ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಸಾಹೇಬ್ರ, ಅವರಿಗೆ ಹೇಳ್ರಿ, ನಾ ಮುಟ್ಟಂಗಿಲ್ಲ. ಅದು ಹಂಗ ಛಂದ ಐತಿ."

ನಾನು ಹೇಳಿದೆ. ಉಸ್ತಾದರು ಹನಮಂತಪ್ಪನ ತಲೆಯನ್ನು ಎಳೆದುಕೊಂಡು ಹಣೆಗೆ ಮುತ್ತಿಟ್ಟರು. ಅಟ್ಟಣಿಗೆ ಬಿಚ್ಚಿ ದೀಪ ಹಚ್ಚಿದಾಗ ಅಬು ಖಾಲಿದರ ಜಾಗದಿಂದ ಪೂರ್ತಿ ಆಕಾಶ ಮಿನುಗಿತು, ಆ ಒಂದು ಚೂರು ಮಾತ್ರ ಕಾಣಲಿಲ್ಲ. ಅದು ಎತ್ತ ನೋಡುತ್ತಿದೆ ಎಂದು ನಾವು ಕೋಣೆಯೆಲ್ಲ ಹುಡುಕಿದೆವು. ಕಡೆಗೆ ಸಿಕ್ಕಿದ್ದು ಬಾಗಿಲ ಹತ್ತಿರ, ಬಂದವರು ಚಪ್ಪಲಿ ಬಿಡುವ ಜಾಗದಲ್ಲಿ. ಕಾಫಿ ತರುವ ಆಳುಗಳು ಕೂಜೆ ಹಿಡಿದು ನಿಲ್ಲುವುದೂ ಅಲ್ಲೇ. ಅಲ್ಲಿಂದ ನೋಡಿದರೆ ಬೇರೆ ಯಾವ ಬಂಗಾರವೂ ಹೊಳೆಯುವುದಿಲ್ಲ, ಅದೊಂದು ಹೊಳೆಯುತ್ತದೆ. ನಾವೆಲ್ಲ ಸರದಿಯ ಮೇಲೆ ಅಲ್ಲಿ ನಿಂತು ನೋಡಿದೆವು. ಅಬು ಖಾಲಿದರೂ ಎದ್ದು ಬಂದು, ಬರಿಗಾಲಲ್ಲಿ ನಮ್ಮ ಚಪ್ಪಲಿಗಳ ನಡುವೆ ನಿಂತು ನೋಡಿದರು.